ನೋಟ ಯಾರ ಇಚ್ಛೆ?

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ನಾವು ಹೆಚ್ಚು ಯೋಚಿಸದೆಯೇ ಬಳಸುತ್ತೇವೆ. ತಿನ್ನುವುದು ನಮ್ಮ ನಾಲಗೆಗೆ ಹಿಡಿಸಿದ್ದು, ಉಡುವುದು ನೋಡುವವರ ಕಣ್ಣಿಗೆ ಹಿಡಿಸಿದ್ದು ಎಂದು ಅದರ ಅರ್ಥ. ಕೇಳುವುದಕ್ಕೆ ಸರಳವಾಗಿದೆ. ಆದರೆ ಈ ‘ಪರರು’ ಯಾರು? ಎದುರುಮನೆಯವರೇ, ನೆಂಟರೇ, ಮತ್ತೆಂದೂ ಕಾಣಸಿಗದ ಅಪರಿಚಿತರೇ? ನೋಡುವವರು ಬದಲಾದರೆ ಉಡುಗೆಯೂ ಬದಲಾಗಬೇಕೇ? ಉಡುಗೆ ಬದಲಾದರೆ ಅದರೊಳಗಿರುವ ಮನುಷ್ಯ ಬದಲಾಗುತ್ತಾನೆಯೇ?

ಜಯನಗರ, ಜೆ.ಪಿ. ನಗರ, ಬನಶಂಕರಿಯ ಮನೆಗಳಿಗೆ ಈ ಹಳೆಯ ಪ್ರಶ್ನೆ ಈಗ ಹೊಸ ಬಾಗಿಲಿನಿಂದ ಬಂದಿದೆ. ಒಂದು ಕಾಲಕ್ಕೆ ನಿವೃತ್ತಿಯಾದ ಮೇಲೆ ಕಾಶಿ, ರಾಮೇಶ್ವರ. ಆಮೇಲೆ ಅಮೆರಿಕದಲ್ಲಿರುವ ಮಗನ ಮನೆಯಲ್ಲಿ ಆರು ತಿಂಗಳು. ಈಗ ಅವುಗಳ ಜೊತೆಗೆ ಹಡಗಿನ ಪ್ರವಾಸ. 2021ರಿಂದ ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆಗೆ ಕಾರ್ಡೇಲಿಯಾ ಹಡಗು ಓಡಾಡುತ್ತಿದೆ. ಸಿಂಗಪುರಕ್ಕೆ ಹೋದವರು ಅಲ್ಲಿಂದ ಮೂರು ರಾತ್ರಿ ಕ್ರೂಸ್ ಹತ್ತಿ ಬರುತ್ತಾರೆ. ಬಿ.ಟಿ.ಎಂ. ಲೇಔಟಿನ ಸಾಫ್ಟ್‌ವೇರ್ ಹುಡುಗರಿಗೂ ಬನಶಂಕರಿ ಎರಡನೇ ಹಂತದ ನಿವೃತ್ತ ಮೇಷ್ಟರಿಗೂ ಟಿಕೆಟ್ ತೆಗೆದ ಮರುದಿನವೇ ಎದುರಾಗುವುದು ಒಂದೇ ಪ್ರಶ್ನೆ: ಅಲ್ಲಿಗೆ ಏನು ಹಾಕಿಕೊಂಡು ಹೋಗುವುದು?

ಇದರಲ್ಲಿ ಉತ್ತರವಿರುವ ಭಾಗವನ್ನು ಮೊದಲು ಮುಗಿಸಿಬಿಡೋಣ. ಡೆಕ್ಕಿನ ಮೇಲೆ ಗಾಳಿ ಜೋರು, ಸೆರಗಾಗಲಿ ದುಪಟ್ಟಾ ಆಗಲಿ ನಿಲ್ಲುವುದಿಲ್ಲ, ಪಿನ್ನು ಬೇಕು. ನೆಲ ಒದ್ದೆಯಿರುತ್ತದೆ, ಜಾರದ ಚಪ್ಪಲಿ ಬೇಕು. ಊಟದ ಹಾಲಿನಲ್ಲಿ ಎ.ಸಿ. ಮೈಕೊರೆಯುತ್ತದೆ, ಶಾಲೋ ಸ್ವೆಟರೋ ಇರಲಿ. ಮೊದಲ ದಿನ ದೊಡ್ಡ ಸೂಟ್‌ಕೇಸು ಕ್ಯಾಬಿನ್ನಿಗೆ ಬಂದು ಸೇರುವುದು ತಡವಾಗಬಹುದು, ಆದ್ದರಿಂದ ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಬೇಕು. ಬೆಂಕಿಯ ಭಯದಿಂದ ಹೆಚ್ಚಿನ ಹಡಗುಗಳಲ್ಲಿ ಕ್ಯಾಬಿನ್ನಿನೊಳಗೆ ಇಸ್ತ್ರಿಪೆಟ್ಟಿಗೆಗೆ ಅವಕಾಶವಿಲ್ಲ, ಸುಕ್ಕಾಗದ ಬಟ್ಟೆ ವಾಸಿ. ಬಾರ್ಬಡೋಸ್, ಜಮೈಕಾದಂಥ ಕೆರಿಬಿಯನ್ ದೇಶಗಳಿಗೆ ಹೋಗುವವರಾದರೆ ಸೈನಿಕರ ಸಮವಸ್ತ್ರದ ಚಿತ್ತಾರವಿರುವ ಬಟ್ಟೆ ಬೇಡ, ಅಲ್ಲಿ ಅದು ಕಾನೂನಿಗೆ ವಿರುದ್ಧ. ಇಷ್ಟು ವಿವೇಕದ ಮಾತು. ಇದರಲ್ಲಿ ನೀತಿಯ ತೊಡಕೇನೂ ಇಲ್ಲ.

ತೊಡಕು ಶುರುವಾಗುವುದು ಜಯನಗರ ನಾಲ್ಕನೇ ಬ್ಲಾಕಿನ ಬಟ್ಟೆ ಅಂಗಡಿಯಲ್ಲಿ, ತಾಯಿ ಮಗಳ ನಡುವೆ. ಇಂಥ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು.

“ಅಮ್ಮಾ, ಅಲ್ಲಿ ನಿನ್ನನ್ನ ಯಾರು ನೋಡ್ತಾರೆ? ಸುಮ್ನೆ ಒಂದು ಪ್ಯಾಂಟು ತಗೋ.”

“ಯಾರೂ ನೋಡಲ್ಲ ಅಂದಮೇಲೆ ಸೀರೆ ಉಟ್ಟರೆ ಏನಾಯ್ತು ಕಣೇ?”

ಇಬ್ಬರೂ ಒಂದೇ ಆಧಾರದ ಮೇಲೆ ನಿಂತು ಎದುರುಬದುರು ತೀರ್ಮಾನಕ್ಕೆ ಬಂದಿದ್ದಾರೆ. ಮಗಳ ಲೆಕ್ಕದಲ್ಲಿ ಸೀರೆ ಎನ್ನುವುದು ಬೀದಿಯ ಕಣ್ಣಿಗೆ ತೆರುವ ಕಂದಾಯ. ಬೀದಿ ಇಲ್ಲದ ಕಡೆ ಅದನ್ನು ತೆರಬೇಕಾಗಿಲ್ಲ. ತಾಯಿಯ ಲೆಕ್ಕದಲ್ಲಿ ಸೀರೆ ತನ್ನದು, ಯಾರಿಗೂ ಕಟ್ಟುವ ಕಂದಾಯವಲ್ಲ. ನಿಜವಾಗಿ ಹೊರಗಿನ ಕಣ್ಣಿಗಾಗಿ ಹಾಕಿಕೊಳ್ಳಬೇಕಾಗಿರುವುದು ಪ್ಯಾಂಟನ್ನು: ಹಡಗಿನಲ್ಲಿ ತಾನು ಹಳೆಕಾಲದವಳಂತೆ ಕಾಣಬಾರದು, ಮಗಳು ಹಾಕುವ ಫೋಟೋದಲ್ಲಿ ಚೆನ್ನಾಗಿ ಬರಬೇಕು ಎನ್ನುವುದಕ್ಕಾಗಿ. ಯಾರು ಸರಿ?

ಇಬ್ಬರ ಮಾತಿನಲ್ಲೂ ನಿಜವಿದೆ. ಮೂವತ್ತು ವರ್ಷ ಪ್ಯಾಂಟಿನ ಆಸೆಯನ್ನು ಅತ್ತೆಗೆ, ಓಣಿಗೆ ಹೆದರಿ ಒಳಗೇ ಇಟ್ಟುಕೊಂಡ ಹೆಂಗಸರಿದ್ದಾರೆ. ಅವರಿಗೆ ಹಡಗಿನ ನಾಲ್ಕು ದಿನ ನಿಜವಾದ ಬಿಡುಗಡೆ. ಅದನ್ನು ‘ಇಲ್ಲಿ ಒಂದು, ಅಲ್ಲಿ ಒಂದು’ ಎಂದು ಆಡಿಕೊಳ್ಳುವುದು ಸುಲಭ, ಆದರೆ ಅನ್ಯಾಯ. ಬಚ್ಚಿಟ್ಟ ಆಸೆಗೆ ಬಚ್ಚಿಟ್ಟವಳಿಗಿಂತ ಬಚ್ಚಿಡುವಂತೆ ಮಾಡಿದವರ ಪಾಲು ಹೆಚ್ಚು. ಅದೇ ಹೊತ್ತಿಗೆ, ಸೀರೆಯಲ್ಲೇ ಹಾಯಾಗಿರುವವಳನ್ನು ‘ಫ್ರೀಯಾಗಿರು’ ಎಂದು ಪ್ಯಾಂಟಿಗೆ ತಳ್ಳುವುದೂ ಬಲವಂತವೇ. ಅಜ್ಜಿಯ ಗದರಿಕೆಯ ಜಾಗಕ್ಕೆ ಮೊಮ್ಮಗಳ ಮುದ್ದು ಬಂದಿದೆ, ಅಷ್ಟೆ. ಎರಡರಲ್ಲೂ ಆಯ್ಕೆ ಅವಳದಾಗಿ ಉಳಿಯುವುದಿಲ್ಲ.

ನೋಡುವ ಕಣ್ಣು ಕಲ್ಲಿನಲ್ಲಿ ಕೊರೆದದ್ದೇನೂ ಅಲ್ಲ ಎಂಬುದಕ್ಕೆ ಬೆಳಗಿನ ಆರು ಗಂಟೆಯ ಲಾಲ್‌ಬಾಗ್ ಸಾಕ್ಷಿ. ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ, ಮೇಲೆ ಗಂಡನ ಹಳೆಯ ಸ್ವೆಟರು, ತಲೆಗೆ ಮಂಕಿ ಕ್ಯಾಪು. ಮೊದಲ ದಿನ ಹೀಗೆ ಹೊರಟ ಹೆಂಗಸನ್ನು ನೋಡಿ ಯಾರಾದರೂ ನಕ್ಕಿದ್ದಾರು. ಈಗ ಯಾರೂ ತಿರುಗಿ ನೋಡುವುದಿಲ್ಲ. ಮಂಡಿನೋವಿಗೆ ಶೂ ಬೇಕು, ಚಳಿಗೆ ಟೋಪಿ ಬೇಕು, ಮನಸ್ಸಿಗೆ ಸೀರೆ ಬೇಕು. ಮೂರನ್ನೂ ಒಟ್ಟಿಗೆ ತೊಟ್ಟು ಅವರು ನಡೆದರು, ನೋಡುವವರ ಕಣ್ಣು ಒಗ್ಗಿಕೊಂಡಿತು. ಪರರ ಇಚ್ಛೆಯೂ ಕಲಿಯುತ್ತದೆ, ಕಲಿಸಬೇಕಾದವರು ಬೇಕು.

ಹಡಗಿಗೆ ಏನು ತೊಡುವುದು ಎಂಬ ಪ್ರಶ್ನೆಯೊಂದಿಗೆ ಜೀವಮಾನವಿಡೀ ಸೆಣಸಿದ ಒಬ್ಬರು ನಮ್ಮ ಕಣ್ಣೆದುರಿಗೇ ಇದ್ದಾರೆ. 1888ರ ಸೆಪ್ಟೆಂಬರಿನಲ್ಲಿ ಹದಿನೆಂಟರ ಮೋಹನದಾಸ ಗಾಂಧಿ ಮುಂಬೈಯಿಂದ ಹಡಗು ಹತ್ತಿದರು. ಪ್ರಯಾಣದುದ್ದಕ್ಕೂ ಕಪ್ಪು ಸೂಟು ಹಾಕಿಕೊಂಡು, ಬಿಳಿ ಫ್ಲಾನೆಲ್ ಉಡುಪನ್ನು ದಡಕ್ಕಿಳಿಯುವ ದಿನಕ್ಕೆಂದು ಕಾದಿಟ್ಟರು. ಸೌತಾಂಪ್ಟನ್ನಿನಲ್ಲಿ ಇಳಿದರೆ ಚಳಿಗಾಲ ಹತ್ತಿರ ಬಂದಿತ್ತು, ಬಿಳಿ ಬಟ್ಟೆಯಲ್ಲಿದ್ದವರು ತಾವೊಬ್ಬರೇ. ಉಳಿದ ಸಾಮಾನು ಏಜೆಂಟರ ವಶದಲ್ಲಿತ್ತು, ಬದಲಿಸುವಂತೆಯೂ ಇರಲಿಲ್ಲ. ಆ ನಾಚಿಕೆಯನ್ನು ಅವರು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಎಂಟು ವರ್ಷದ ನಂತರ, 1896ರಲ್ಲಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಡರ್ಬನ್ನಿಗೆ ಹೊರಟಾಗ ಗಾಂಧಿಯ ಚಿಂತೆ ಇನ್ನೂ ದೊಡ್ಡದಾಗಿತ್ತು. ನಾಗರಿಕರಂತೆ ಕಾಣಬೇಕಾದರೆ ಯುರೋಪಿಯನ್ನರಿಗೆ ಸಾಧ್ಯವಾದಷ್ಟು ಹತ್ತಿರವಿರಬೇಕು ಎಂಬುದು ಆಗಿನ ಅವರ ನಂಬಿಕೆ. ಹಾಗಾಗಿ ಕಸ್ತೂರಬಾ ಅವರಿಗೆ ಪಾರ್ಸಿ ಸೀರೆ, ಮಕ್ಕಳಿಗೆ ಪಾರ್ಸಿ ಕೋಟು, ಎಲ್ಲರಿಗೂ ಬೂಟು, ಕಾಲುಚೀಲ. ಬೂಟು ಕಾಲು ಕಚ್ಚಿತು, ಕಾಲುಚೀಲ ಬೆವರಿ ನಾರಿತು. ಮನೆಯ ಯಜಮಾನನ ಮಾತಿಗೆ ಎದುರಾಡಲಾಗದೆ ಅವರು ಅದನ್ನು ತೊಟ್ಟರು. ಇದನ್ನೂ ಅವರೇ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಮೂರನೆಯದು 1931ರ ಪಯಣ, ದುಂಡುಮೇಜಿನ ಪರಿಷತ್ತಿಗಾಗಿ ‘ರಾಜಪುತಾನಾ’ ಹಡಗಿನಲ್ಲಿ. ಅಷ್ಟರಲ್ಲಿ 1921ರ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಮೊಣಕಾಲುದ್ದದ ಪಂಚೆಗೆ ಬದಲಾಗಿ ಹತ್ತು ವರ್ಷವಾಗಿತ್ತು. ಜೊತೆಯವರು ವಿಲಾಯಿತಿಯ ಚಳಿಗೆ, ಮರ್ಯಾದೆಗೆ ಎಂದು ತುಂಬಿಕೊಂಡು ಬಂದಿದ್ದ ಪೆಟ್ಟಿಗೆಗಳ ರಾಶಿ ಕಂಡು ಅವರು ರೇಗಿದರು. ಬೇಡದ ಪೆಟ್ಟಿಗೆಗಳು ಏಡನ್ನಿನಿಂದಲೇ ವಾಪಸು ಹೋದವು. ಆ ನವೆಂಬರಿನಲ್ಲಿ ಅವರು ಬಕಿಂಗ್‌ಹ್ಯಾಮ್ ಅರಮನೆಗೂ ಅದೇ ಪಂಚೆ, ಶಾಲಿನಲ್ಲೇ ಹೋಗಿ ಬಂದರು.

ಈ ಮೂರು ಪಯಣಗಳನ್ನು ‘ಸೂಟಿನಿಂದ ಪಂಚೆಗೆ’ ಎಂದು ಓದಿದರೆ ಅದು ಬರೀ ಬಟ್ಟೆಯ ಕಥೆಯಾಗುತ್ತದೆ. ಬದಲಾದದ್ದು ಅವರು ತಮಗೆ ಹಾಕಿಕೊಂಡ ಪ್ರಶ್ನೆ. 1888ರಲ್ಲಿ ‘ಅವರು ನನ್ನನ್ನು ಏನೆಂದುಕೊಳ್ಳುತ್ತಾರೆ?’ 1896ರಲ್ಲಿ ‘ಅವರು ನಮ್ಮನ್ನು ಏನೆಂದುಕೊಳ್ಳುತ್ತಾರೆ?’ 1931ರಲ್ಲಿ ‘ನನ್ನ ಊರಿನ ಬಡವನಿಗಿಲ್ಲದ್ದನ್ನು ನಾನು ಹೇಗೆ ತೊಡಲಿ?’ ಮೂರರಲ್ಲೂ ಪರರಿದ್ದಾರೆ. ಗಾದೆ ಸುಳ್ಳಾಗಲಿಲ್ಲ. ಆದರೆ ಪರರು ಯಾರು ಎಂಬುದನ್ನು ಕೊನೆಯ ಸಲ ಅವರು ತಾವೇ ಆರಿಸಿಕೊಂಡರು.

ಎಲ್ಲರಿಗೂ ಆರಿಸಿಕೊಳ್ಳುವ ಈ ಬಲ ಇರುವುದಿಲ್ಲ. ಅರಮನೆಯ ಬಾಗಿಲಲ್ಲಿ ಗಾಂಧಿಯನ್ನು ತಡೆಯಲಿಲ್ಲ. ಆದರೆ 2024ರ ಜುಲೈನಲ್ಲಿ ನಮ್ಮ ಮಾಗಡಿ ರಸ್ತೆಯ ಜಿ.ಟಿ. ಮಾಲಿನ ಬಾಗಿಲಲ್ಲಿ, ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ಹಿರಿಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ತಡೆದರು. ಸುದ್ದಿ ವಿಧಾನಸಭೆಗೆ ಹೋಗಿ, ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ಅದೇ ವರ್ಷದ ಫೆಬ್ರುವರಿಯಲ್ಲಿ ರಾಜಾಜಿನಗರದ ಮೆಟ್ರೋ ನಿಲ್ದಾಣದಲ್ಲಿ, ಟಿಕೆಟ್ಟಿದ್ದರೂ ಬಟ್ಟೆ ಕೊಳೆಯಾಗಿದೆ ಎಂದು ಇನ್ನೊಬ್ಬ ರೈತರನ್ನು ನಿಲ್ಲಿಸಿದ್ದರು. ತಮಿಳುನಾಡಿನಲ್ಲಿ ಪಂಚೆ ಉಟ್ಟ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರಿಗೇ ಚೆನ್ನೈನ ಕ್ಲಬ್ಬೊಂದು ಬಾಗಿಲು ಮುಚ್ಚಿತ್ತು. ಅಲ್ಲಿನ ಸರ್ಕಾರ 2014ರಲ್ಲಿ ಅದಕ್ಕೆಂದೇ ಒಂದು ಕಾಯ್ದೆ ತಂದಿತು.

ಹಾಗಾದರೆ ಉಡುಗೆಯ ನಿಯಮ ಎಲ್ಲ ಕಡೆಯೂ ತಪ್ಪೇ? ಹಡಗಿನ ‘ಫಾರ್ಮಲ್ ನೈಟ್’ ಊಟಕ್ಕೆ ಚಡ್ಡಿಯಲ್ಲಿ ಬರಬೇಡಿ ಎನ್ನುವುದೂ ಪಂಚೆಯವರನ್ನು ತಡೆದದ್ದೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದದ್ದೇ? ನನಗೆ ಹಾಗೆ ತೋರುವುದಿಲ್ಲ. ಮದುವೆಮನೆಗೆ ನಾವು ಇದ್ದುದರಲ್ಲಿ ಒಳ್ಳೆಯದನ್ನು ಉಟ್ಟು ಹೋಗುತ್ತೇವೆ. ಅದು ಕರೆದವರ ಸಂತೋಷಕ್ಕೆ ನಾವು ಕೊಡುವ ಬೆಲೆ. ‘ಇದ್ದುದರಲ್ಲಿ ಒಳ್ಳೆಯದು’ ಎಂಬ ಮಾತಿನಲ್ಲೇ ಎಲ್ಲ ಇದೆ. ಅದು ಪ್ರತಿಯೊಬ್ಬರಿಗೂ ಎಟಕುತ್ತದೆ, ಅವರವರ ಅಳತೆಯಲ್ಲಿ. ಆ ರೈತರು ಉಟ್ಟು ಬಂದದ್ದು ಬಿಳಿ ಪಂಚೆ, ಬಿಳಿ ಅಂಗಿ. ನಮ್ಮ ಹಳ್ಳಿಗಳಲ್ಲಿ ಅದು ಹಬ್ಬದ ಉಡುಗೆ, ದೇವರ ಮುಂದೆ ನಿಲ್ಲುವ ಉಡುಗೆ. ತಡೆದವರಿಗೆ ಅದು ಬಡತನದ ಗುರುತಾಗಿ ಕಂಡಿತು. ಸ್ವಲ್ಪ ಶ್ರಮಪಡು ಎಂದು ಕೇಳುವ ನಿಯಮ ಸೌಜನ್ಯದ್ದು. ನೀನು ನೀನಾಗಿರಬೇಡ ಎಂದು ಕೇಳುವ ನಿಯಮ ಬೇಲಿಯದು. ಟೈ ಕಟ್ಟಲು ಬಾರದ ಮೇಷ್ಟರು ರೇಷ್ಮೆ ಪಂಚೆ, ಜರಿ ಶಲ್ಯದಲ್ಲಿ ಆ ರಾತ್ರಿಯ ಊಟಕ್ಕೆ ಕೂರಬಹುದಾದರೆ ಹಡಗಿನ ನಿಯಮ ಸೌಜನ್ಯದ್ದು. ಕೂರಲಾಗದಿದ್ದರೆ ಮಾಗಡಿ ರಸ್ತೆಯ ಬಾಗಿಲೇ ಸಮುದ್ರದ ಮೇಲೆ ತೇಲುತ್ತಿದೆ ಎಂದು ತಿಳಿಯಬೇಕು.

ಈ ಚರ್ಚೆಯಲ್ಲಿ ನಾವು ಲೆಕ್ಕಕ್ಕೇ ಹಿಡಿಯದ ಇನ್ನೊಂದು ಗುಂಪಿದೆ. ಹಡಗಿನ ತುಂಬ ಏನು ತೊಡಬೇಕೆಂಬ ಪ್ರಶ್ನೆಯೇ ಇಲ್ಲದ ಜನ ಇದ್ದಾರೆ. ಮೇಜಿಗೆ ಬಡಿಸುವವರು, ಕ್ಯಾಬಿನ್ ಗುಡಿಸುವವರು, ಕೆಳಗೆ ಬಟ್ಟೆ ಒಗೆಯುವವರು. ಫಿಲಿಪ್ಪೀನ್ಸಿನವರು, ಇಂಡೋನೇಷ್ಯಾದವರು, ಗೋವಾದವರು, ನಮ್ಮ ಮಂಗಳೂರು, ಉಡುಪಿ ಕಡೆಯ ಹುಡುಗರೂ. ತಿಂಗಳುಗಟ್ಟಲೆ ಒಂದೇ ಸಮವಸ್ತ್ರ. ಹಡಗಿನ ಕೆಲಸಗಾರರಿಗಾಗಿ 2006ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದ ದುಡಿಮೆಗೆ ಹಾಕಿರುವ ಮಿತಿಯೇ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆ. ನಮ್ಮ ಸಂಜೆಯ ಉಡುಪಿನ ಇಸ್ತ್ರಿಯ ಗೆರೆ ಅವರ ಕೈಯದು. ನಾವು ‘ಯಾರೂ ನೋಡಲ್ಲ’ ಎನ್ನುವಾಗ ಆ ‘ಯಾರೂ’ ಒಳಗೆ ಅವರನ್ನು ಸೇರಿಸಿಯೇ ಇರುವುದಿಲ್ಲ. ಅವರು ದಿನವಿಡೀ ನಮ್ಮನ್ನು ನೋಡುತ್ತಿರುತ್ತಾರೆ. ಅವರ ಅಭಿಪ್ರಾಯಕ್ಕೆ ನಾವು ಅಂಜುವುದಿಲ್ಲ, ಏಕೆಂದರೆ ಅವರನ್ನು ಪರರೆಂದೂ ಗಣಿಸಿಲ್ಲ. ನೋಡುವವರಿಂದ ಬಿಡುಗಡೆ ಎಂದು ನಾವು ಕರೆಯುವುದು ಎಷ್ಟೋ ಸಲ ಕೆಲವರನ್ನು ಮನುಷ್ಯರ ಲೆಕ್ಕದಿಂದ ಬಿಟ್ಟ ಸುಖವಷ್ಟೇ ಆಗಿರುತ್ತದೆ.

ಹನ್ನೆರಡನೇ ಶತಮಾನದಲ್ಲಿ ಉಡುಗೆಯನ್ನೇ ತೊರೆದು ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಪರೀಕ್ಷಿಸಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಸೀರೆಯನ್ನು ಬಿಟ್ಟವಳು ಕೂದಲಿನಿಂದ ಮೈ ಮರೆಸಿಕೊಂಡದ್ದೇಕೆ ಎಂಬುದು ಅಲ್ಲಮನ ಪ್ರಶ್ನೆ. ನಾಚಿಕೆ ಇನ್ನೂ ಉಳಿದಿದೆಯಲ್ಲ ಎಂಬ ಚುಚ್ಚು ಅದರಲ್ಲಿದೆ. ಅಕ್ಕನ ಉತ್ತರದ ಭಾವ ಇಷ್ಟು: ಮುಚ್ಚಿಕೊಂಡದ್ದು ನನಗಾಗಿ ಅಲ್ಲ, ನೋಡುವ ನಿಮಗೆ ನೋವಾದೀತೆಂದು. ಎಲ್ಲರ ನೋಟವನ್ನೂ ಧಿಕ್ಕರಿಸಿದವಳು ಕೊನೆಗೆ ಎದುರಿಗಿರುವವರ ಮೇಲೊಂದು ಕನಿಕರ ಉಳಿಸಿಕೊಂಡಿದ್ದಾಳೆ. ಅವಳು ಮುಚ್ಚಿಕೊಂಡದ್ದೂ ಪರರಿಗಾಗಿಯೇ, ಆದರೆ ಪರರಿಗೆ ಅಂಜಿ ಅಲ್ಲ. ಗಾದೆಯನ್ನು ಅಂಜಿಕೆಯಿಂದ ಪಾಲಿಸುವುದಕ್ಕೂ ಅಕ್ಕರೆಯಿಂದ ಪಾಲಿಸುವುದಕ್ಕೂ ಇರುವ ದೂರವನ್ನು ಇದಕ್ಕಿಂತ ಚೆನ್ನಾಗಿ ತೋರುವ ಇನ್ನೊಂದು ಪ್ರಸಂಗ ನನಗೆ ನೆನಪಾಗುತ್ತಿಲ್ಲ.

ನಾವು ಅಕ್ಕನೂ ಅಲ್ಲ, ಗಾಂಧಿಯೂ ಅಲ್ಲ. ನಾಲ್ಕು ದಿನ ಸಮುದ್ರ ನೋಡಿ ಬರಲು ಹೊರಟವರು. ನಮ್ಮ ಅಳತೆಗೆ ಒಂದು ಸಣ್ಣ ಪರೀಕ್ಷೆ ಸಾಕೆನಿಸುತ್ತದೆ. ಸೂಟ್‌ಕೇಸಿಗೆ ಇಡುವ ಪ್ರತಿಯೊಂದು ಬಟ್ಟೆಯನ್ನೂ ಕೈಯಲ್ಲಿ ಹಿಡಿದು ಕೇಳಿಕೊಳ್ಳಬಹುದು: ಇದು ನನಗೆ ಹಾಯೆಂದು ಇಡುತ್ತಿದ್ದೇನೆಯೇ, ಯಾರಿಗೋ ಗೌರವವೆಂದು ಇಡುತ್ತಿದ್ದೇನೆಯೇ, ಯಾರಿಗೋ ಹೆದರಿ ಇಡುತ್ತಿದ್ದೇನೆಯೇ? ಮೊದಲ ಎರಡು ಕಾರಣಕ್ಕೆ ಇಟ್ಟದ್ದು ಪ್ಯಾಂಟಾಗಲಿ, ಒಂಬತ್ತು ಗಜದ ಸೀರೆಯಾಗಲಿ, ಸಲ್ಲುತ್ತದೆ. ಮೂರನೆಯ ಕಾರಣಕ್ಕೆ ಇಟ್ಟದ್ದನ್ನು ತೆಗೆದರೆ ಪೆಟ್ಟಿಗೆ ಹಗುರಾಗುತ್ತದೆ, ಏಡನ್ನಿನವರೆಗೆ ಹೊತ್ತು ಅಲ್ಲಿಂದ ವಾಪಸು ಕಳಿಸುವ ಕೆಲಸವೂ ತಪ್ಪುತ್ತದೆ.