ಹೊರಟುಹೋಗುವವರ ಸೇವೆ

ವ್ಯಾಸಂಗ ಮುಗಿಸಿ ಉದ್ಯೋಗಕ್ಕೆ ಸೇರುವ ಮುನ್ನ ಒಂದು ವರ್ಷವನ್ನು ಸೇವೆಗೆ ಮೀಸಲಿಡುವ ರೂಢಿ ಯೂರೋಪು ಹಾಗೂ ಅಮೆರಿಕದ ಕ್ರೈಸ್ತ ಯುವಜನರಲ್ಲಿ ಬಹುಕಾಲದಿಂದ ಇದೆ. ಹೀಗೆ ಬರುವ ಸ್ವಯಂಸೇವಕರಿಂದ ನಿರೀಕ್ಷಿಸುವುದೇನು ಎಂದು ಕೇಳಿದರೆ ಪ್ರಾರ್ಥನೆ, ಸರಳ ಜೀವನ, ಒಟ್ಟಿಗೆ ಬಾಳುವ ಶಿಸ್ತು, ವಹಿಸಿದ ಕೆಲಸದಲ್ಲಿ ಶ್ರದ್ಧೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಇವೆಲ್ಲ ಸರಿಯೇ. ಆದರೆ ಓದುಗರೇ, ಇವಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಆ ವರ್ಷ ಯಾರದು?

ಈ ಪ್ರಶ್ನೆಯನ್ನು ಬಹು ಕಟುವಾಗಿ ಎತ್ತಿದವರು ಇವಾನ್ ಇಲಿಚ್. ಸ್ವತಃ ಕಥೋಲಿಕ ಗುರುವಾಗಿದ್ದ ಅವರು 1968ರಲ್ಲಿ ಮೆಕ್ಸಿಕೋ ದೇಶದ ಕ್ವೆರ್ನವಾಕ ನಗರದಲ್ಲಿ ಅಮೆರಿಕದ ವಿದ್ಯಾರ್ಥಿ ಸ್ವಯಂಸೇವಕರನ್ನು ಉದ್ದೇಶಿಸಿ ಮಾತನಾಡುತ್ತ, ನೋಡಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಎಂಬ ಅರ್ಥದಲ್ಲಿ ಹೇಳಿದರು. ಹಳ್ಳಿಯವರ ಭಾಷೆ ತಿಳಿಯದವರಿಗೆ, ಆ ಹಳ್ಳಿಯವರು ತಮ್ಮ ಬಗ್ಗೆ ಏನೆನ್ನುತ್ತಾರೆಂಬುದೂ ತಿಳಿಯದು ಎಂಬುದು ಅವರ ಆಕ್ಷೇಪಣೆಗಳಲ್ಲೊಂದು. ಅವರ ನಿರ್ಣಯವನ್ನು ನಾನು ಪೂರ್ತಿ ಒಪ್ಪಲಾರೆ. ಸಹಾಯವೇ ಬೇಡವೆಂದರೆ ಹಸಿದವನ ಬಳಿಗೆ ಯಾರೂ ಹೋಗುವಂತಿಲ್ಲ. ಆದರೆ ಭಾಷೆಯ ಮಾತು ನಿಜ. ಸ್ವಯಂಸೇವಕನ ಮೊದಲ ತಿಂಗಳುಗಳು ಕೇಳಿಸಿಕೊಳ್ಳುವುದಕ್ಕೇ ಸಲ್ಲಬೇಕು.

ಇನ್ನೊಂದು ಉದಾಹರಣೆ 'ಲಾರ್ಶ್' ಸಮುದಾಯಗಳದ್ದು. ಫ್ರೆಂಚ್ ಭಾಷೆಯಲ್ಲಿ ಈ ಪದಕ್ಕೆ 'ನಾವೆ' ಎಂದರ್ಥ. 1964ರಲ್ಲಿ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಆರಂಭವಾದ ಈ ಸಮುದಾಯ 1970ರಲ್ಲಿ ಬೆಂಗಳೂರಿನಲ್ಲಿ 'ಆಶಾ ನಿಕೇತನ'ವಾಗಿ ನೆಲೆಯೂರಿತು. ಇಲ್ಲಿ ಬುದ್ಧಿಮಾಂದ್ಯರೂ ಸಹಾಯಕರೂ ಒಂದೇ ಕುಟುಂಬದಂತೆ ಬಾಳುತ್ತಾರೆ. ಲೋಕದ ನಾನಾ ಕಡೆಯ ಇಂಥ ಮನೆಗಳಿಗೆ ಒಂದು ವರ್ಷದ ಮಟ್ಟಿಗೆ ಬರುವ ತರುಣರು ಅನೇಕರು. ಸ್ನಾನ ಮಾಡಿಸುವುದು, ತುತ್ತು ಉಣಿಸುವುದು, ಪಾತ್ರೆ ತೊಳೆಯುವುದು, ಅದೇ ಹಾಡನ್ನು ನೂರನೆಯ ಸಲ ಕೇಳುವುದು ಅವರ ಕೆಲಸ. ಹೇಳಿಕೊಳ್ಳಲು ಸಾಧನೆಯೇನೂ ಇಲ್ಲ. ವರ್ಷ ತುಂಬಿದೊಡನೆ ಸಹಾಯಕ ಊರಿಗೆ ಮರಳುತ್ತಾನೆ. ಅದು ಅವನ ಬಾಳಿನ ಮರೆಯಲಾಗದ ವರ್ಷ. ಆ ಮನೆಯಲ್ಲಿ ಮೂವತ್ತು ವರ್ಷಗಳಿಂದ ಇರುವವನಿಗೆ ಅದು ಇನ್ನೊಂದು ಅಗಲಿಕೆ. ನಾಳೆ ಬೆಳಿಗ್ಗೆ ತನ್ನ ಅಂಗಿಯ ಗುಂಡಿ ಹಾಕುವ ಕೈ ಬೇರೆಯದಾಗಿರುತ್ತದೆ, ಏಕೆಂಬುದು ಅವನಿಗೆ ತಿಳಿಯದು.

ಲಾರ್ಶ್ ಹೆಸರೆತ್ತಿದ ಮೇಲೆ ಮತ್ತೊಂದನ್ನು ಮುಚ್ಚಿಡುವುದು ನ್ಯಾಯವಲ್ಲ. ಅದರ ಸ್ಥಾಪಕ ಜಾನ್ ವಾನಿಯೇ 2019ರಲ್ಲಿ ತೀರಿಕೊಂಡ ಬಳಿಕ, ಆಧ್ಯಾತ್ಮಿಕ ಮಾರ್ಗದರ್ಶನದ ಹೆಸರಿನಲ್ಲಿ ಅವರು ಕನಿಷ್ಠ ಆರು ವಯಸ್ಕ ಮಹಿಳೆಯರನ್ನು ಲೈಂಗಿಕವಾಗಿ ದುರ್ಬಳಕೆ ಮಾಡಿಕೊಂಡಿದ್ದರೆಂದು 2020ರಲ್ಲಿ ಲಾರ್ಶ್ ಸಂಸ್ಥೆಯೇ ಪ್ರಕಟಿಸಿತು. ತರುಣರಿಂದ ವಿಧೇಯತೆಯನ್ನು ನಿರೀಕ್ಷಿಸುವ ನಾವು, ಗುರುಗಳೂ ಸೇರಿ, ಇದನ್ನು ಓದಿ ತಲೆತಗ್ಗಿಸಬೇಕು. ಹಿರಿಯರ ಪವಿತ್ರತೆಯ ಖ್ಯಾತಿ ಎಷ್ಟೇ ದೊಡ್ಡದಿರಲಿ, ಸಲ್ಲದ ಮಾತಿಗೆ 'ಆಗದು' ಎನ್ನುವ ಧೈರ್ಯವನ್ನು ಸ್ವಯಂಸೇವಕರಿಗೆ ಮೊದಲ ದಿನವೇ ಕಲಿಸತಕ್ಕದ್ದು.

ಹಾಗಾದರೆ ಒಂದು ವರ್ಷಕ್ಕೆಂದು ಬರುವುದೇ ತಪ್ಪೇ? ಸಂತ ಲೂಕರ ಶುಭಸಂದೇಶದ ಸದಯ ಸಮಾರಿತನನ್ನು ನೆನೆಯಿರಿ. ಅವನ ಕರುಣೆಯ ಬಗ್ಗೆ ಎಷ್ಟೋ ಪ್ರಬೋಧನೆಗಳನ್ನು ಕೇಳಿದ್ದೇವೆ. ಮರುದಿನವೇ ಅವನು ಹೊರಟುಹೋದನೆಂಬುದನ್ನು ಗಮನಿಸುವವರು ವಿರಳ. ಅವನಿಗೆ ತನ್ನದೇ ಪ್ರಯಾಣವಿತ್ತು, ಗಾಯಾಳುವಿನ ಬಳಿ ಉಳಿದದ್ದು ಒಂದು ರಾತ್ರಿ ಮಾತ್ರ. ಆದರೆ ಹೊರಡುವಾಗ ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟನು, ಹೆಚ್ಚು ಖರ್ಚಾದರೆ ಮರಳಿ ಬಂದಾಗ ತೀರಿಸುವೆನೆಂದನು. ಸ್ವಯಂಸೇವಕನಿಂದ ನಾನು ನಿರೀಕ್ಷಿಸುವುದೂ ಇಷ್ಟನ್ನೇ. ಹೊರಡುವ ದಿನವನ್ನು ಬಂದ ದಿನವೇ ಹೇಳಲಿ. ಪತ್ರ ಬರೆಯಲಾರದವನು ಬರೆಯುವೆನೆಂದು ಮಾತು ಕೊಡದಿರಲಿ. ತನ್ನ ಕೆಲಸವನ್ನು ಮುಂದಿನವರಿಗೆ ಕೈಹಿಡಿದು ಕಲಿಸಿ ಹೋಗಲಿ.

ಇನ್ನು ಆ ಛತ್ರದವನ ಹೆಸರು ಶುಭಸಂದೇಶದಲ್ಲಿಲ್ಲ. ಗಾಯಾಳುವಿನ ಬಟ್ಟೆ ಒಗೆದವನು, ಗಂಜಿ ಕಾಯಿಸಿದವನು ಬಹುಶಃ ಅವನೇ. ನಮ್ಮ ಆಶ್ರಮಗಳಲ್ಲೂ ಅಂಥವರಿದ್ದಾರೆ: ವರ್ಷಗಟ್ಟಲೆ ಅಲ್ಲೇ ದುಡಿಯುವ ಅಡುಗೆಯವರು, ಆಯಾಗಳು, ಧರ್ಮಭಗಿನಿಯರು. ಸೇವೆಗೆಂದು ಹೊರಡುವ ತರುಣ ತರುಣಿಯರು ಮೊದಲು ಹೋಗಿ ಮಾತನಾಡಿಸಬೇಕಾದದ್ದು ಅವರನ್ನು.