ಮೀಸೆಗೆ ಹತ್ತಿದ ಮಣ್ಣು

ಚುನಾವಣೆಯಲ್ಲಿ ಠೇವಣಿ ಕಳೆದುಕೊಂಡವನು ‘ನೈತಿಕ ಗೆಲುವು ನನ್ನದೇ’ ಎಂದರೆ, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವನು ಪ್ರಶ್ನೆಪತ್ರಿಕೆಯನ್ನು ಬೈದರೆ, ಕೇಳಿಸಿಕೊಂಡವರ ಬಾಯಿಗೆ ತಾನಾಗಿ ಬರುವ ಗಾದೆಯೊಂದಿದೆ: ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಸೋಲೊಪ್ಪದವನನ್ನು ಕಂಡು ನಗುವ ಮಾತು ಅದು. ಬಳಸಿ ಬಳಸಿ ಅದರ ಹಿಂದಿನ ಗರಡಿಮನೆ ಮಾತ್ರ ನಮಗೆ ಮರೆತೇಹೋಗಿದೆ.

ಒಮ್ಮೆ ಗರಡಿಯೊಳಗೆ ನಿಂತು ಈ ಗಾದೆಯನ್ನು ಕೇಳಬೇಕು. ಮಟ್ಟಿ ಕುಸ್ತಿಯಲ್ಲಿ ಸೋಲೆಂದರೆ ಚಿತ್ ಆಗುವುದು, ಬೆನ್ನು ಮಣ್ಣಿಗೆ ತಾಗುವುದು. ಬೋರಲು ಬಿದ್ದ ಪೈಲ್ವಾನ ಇನ್ನೂ ಸೋತಿರುವುದಿಲ್ಲ; ಅವನನ್ನು ಮಗುಚಿ ಹಾಕಲು ಎದುರಾಳಿ ಬೆವರು ಸುರಿಸಬೇಕು. ಹಾಗೆ ಬೋರಲು ಬಿದ್ದವನ ಮೂಗು, ಬಾಯಿ, ಮೀಸೆಗೆಲ್ಲ ಕೆಮ್ಮಣ್ಣು ಮೆತ್ತಿಕೊಳ್ಳುತ್ತದೆ. ಅಂಗಾತ ಬಿದ್ದವನ ಮೀಸೆ ಚೊಕ್ಕಟವಾಗಿಯೇ ಇರುತ್ತದೆ. ಹಾಗಾಗಿ, ಮೀಸೆ ಮಣ್ಣಾಗಿಲ್ಲವೆಂದು ಜಟ್ಟಿ ಹೇಳುವುದು ನಿಜವೇ. ಆದರೆ ಅವನು ಚಿತ್ ಆದದ್ದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಮಣ್ಣು ಮೆತ್ತಿದ ಮೀಸೆ ಇನ್ನೂ ಕಾದಾಡುತ್ತಿರುವವನದು.

ಕಾಳಗ ಎಲ್ಲಿಗೆ ಮುಗಿಯಿತೆಂದು ಹೇಳುವ ಗೆರೆ ಎಲ್ಲ ಕಡೆಯೂ ಒಂದೇ ಅಲ್ಲ. ಮೈಸೂರು ಅರಮನೆಯಂಗಳದಲ್ಲಿ ವಿಜಯದಶಮಿಯ ದಿನ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಬೋಳಿಸಿದ ತಲೆಯಿಂದ ಮೊದಲ ರಕ್ತದ ಹನಿ ಚಿಮ್ಮಿದರೆ ಮುಗಿಯಿತು. ಬಾಕ್ಸಿಂಗ್‌ನಲ್ಲಿ ಮಾತ್ರ ಬಿದ್ದವನಿಗೆ ಹತ್ತು ಎಣಿಸುವಷ್ಟು ಹೊತ್ತು ಕೊಡುತ್ತಾರೆ. ಅಷ್ಟರೊಳಗೆ ಎದ್ದು ನಿಂತರೆ ಮತ್ತೆ ಕಾದಬಹುದು. ಈ ಗಾದೆಯನ್ನು ಒರೆಗೆ ಹಚ್ಚಲು ಜೆರ್ಸಿ ಜೋ ವಾಲ್ಕಾಟ್‌ನಂಥ ಇನ್ನೊಬ್ಬ ಆಸಾಮಿ ಸಿಗುವುದು ಕಷ್ಟ.

ಅವನ ಹುಟ್ಟುಹೆಸರು ಆರ್ನಾಲ್ಡ್ ಕ್ರೀಮ್. ಹುಟ್ಟಿದ್ದು 1914ರ ಜನವರಿಯಲ್ಲಿ, ಅಮೆರಿಕದ ನ್ಯೂಜೆರ್ಸಿಯ ಕಪ್ಪು ಜನರ ಬಡ ಕುಟುಂಬವೊಂದರಲ್ಲಿ. ಎಳೆಯ ವಯಸ್ಸಿನಲ್ಲೇ ಅಪ್ಪ ತೀರಿಕೊಂಡ. ಹುಡುಗ ಶಾಲೆ ಬಿಟ್ಟು ಸೂಪ್ ಕಾರ್ಖಾನೆಯ ಕೆಲಸಕ್ಕೆ ಸೇರಿದ. 1930ರಲ್ಲಿ, ಹದಿನಾರರ ಹರೆಯದಲ್ಲಿ, ಹಣಕ್ಕಾಗಿ ಕಣಕ್ಕಿಳಿದ. ಬಾರ್ಬಡೋಸ್ ಮೂಲದ ಹಳೆಯ ಚಾಂಪಿಯನ್ ಜೋ ವಾಲ್ಕಾಟ್‌ನ ಹೆಸರನ್ನೇ ಇಟ್ಟುಕೊಂಡ. ಜಾಕ್ ಬ್ಲ್ಯಾಕ್‌ಬರ್ನ್ ಎಂಬ ಹೆಸರಾಂತ ಗುರು ಅವನನ್ನು ಷಿಕಾಗೋಗೆ ಕರೆದೊಯ್ಯಬೇಕಿತ್ತು. ಅಷ್ಟರಲ್ಲಿ ಹುಡುಗನಿಗೆ ಟೈಫಾಯ್ಡ್ ಬಂತು. ಬ್ಲ್ಯಾಕ್‌ಬರ್ನ್ ಅಲ್ಲಿ ಕೈಹಿಡಿದು ಬೆಳೆಸಿದ್ದು 1914ರಲ್ಲೇ ಹುಟ್ಟಿದ ಇನ್ನೊಬ್ಬ ಹುಡುಗನನ್ನು: ಜೋ ಲೂಯಿಸ್. ಲೂಯಿಸ್ 1937ರಲ್ಲಿ ವಿಶ್ವ ಚಾಂಪಿಯನ್ ಆದ. ವಾಲ್ಕಾಟ್ ಹೆಂಡತಿ, ಆರು ಮಕ್ಕಳನ್ನು ಸಾಕಲು ಸಿಕ್ಕ ಕೂಲಿ ಮಾಡಿದ, ಹೊಟ್ಟೆ ತುಂಬದ ದಿನಗಳಲ್ಲಿ ಬಾಕ್ಸಿಂಗ್ ಬಿಟ್ಟ, ಮತ್ತೆ ಹಿಡಿದ.

ಇಬ್ಬರೂ ಎದುರುಬದುರಾದದ್ದು 1947ರ ಡಿಸೆಂಬರ್ 5ರಂದು, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ. ವಾಲ್ಕಾಟ್‌ನಿಗೊಂದು ವರಸೆಯಿತ್ತು: ಜಗಳ ಸಾಕಾದವನಂತೆ ಎದುರಾಳಿಗೆ ಹೆಗಲು ತಿರುಗಿಸಿ ಎರಡು ಹೆಜ್ಜೆ ನಡೆದುಬಿಡುವುದು, ಅವನು ಕೈ ಸಡಿಲಿಸಿ ಹಿಂದೆ ಬಂದನೋ, ಗಕ್ಕನೆ ತಿರುಗಿ ಬಾರಿಸುವುದು. ಮೊದಲನೇ ಸುತ್ತಿನಲ್ಲೂ ನಾಲ್ಕನೇ ಸುತ್ತಿನಲ್ಲೂ ಲೂಯಿಸ್ ನೆಲಕ್ಕುರುಳಿದ. ಹದಿನೈದು ಸುತ್ತು ಮುಗಿದಾಗ ರೆಫರಿ ರೂಬಿ ಗೋಲ್ಡ್‌ಸ್ಟೀನ್ ವಾಲ್ಕಾಟ್‌ ಗೆದ್ದನೆಂದು ಬರೆದ. ಉಳಿದಿಬ್ಬರು ತೀರ್ಪುಗಾರರು ಲೂಯಿಸ್‌ನ ಕಡೆ ನಿಂತರು. ಬಿದ್ದವನಿಗೆ ಪಟ್ಟ ಉಳಿಯಿತು, ಕೆಡವಿದವನು ಬರಿಗೈಲಿ ಮನೆಗೆ ಹೋದ. ಆ ರಾತ್ರಿ ವಾಲ್ಕಾಟ್‌ಗೆ ಅನ್ಯಾಯವಾಯಿತೆಂದೇ ಹೇಳಬೇಕು.

ಮರುವರ್ಷ ಜೂನ್‌ನಲ್ಲಿ ಮತ್ತೆ ಸೆಣಸಾಟ. ಮೂರನೇ ಸುತ್ತಿನಲ್ಲಿ ಲೂಯಿಸ್‌ನನ್ನು ಮತ್ತೆ ಕೆಡವಿದ. ಆದರೆ ಹನ್ನೊಂದನೆಯದರಲ್ಲಿ ತಾನೇ ನಾಕೌಟ್ ಆದ. ಲೂಯಿಸ್ ನಿವೃತ್ತಿಯಾದ ಮೇಲೆ ಖಾಲಿಯಾದ ಪಟ್ಟಕ್ಕೆ 1949ರಲ್ಲಿ ಎಜರ್ಡ್ ಚಾರ್ಲ್ಸ್ ಎದುರು ಕಾದಿ ಸೋತ. 1951ರ ಮಾರ್ಚ್‌ನಲ್ಲಿ ಅದೇ ಚಾರ್ಲ್ಸ್ ಕೈಯಲ್ಲಿ ಇನ್ನೊಮ್ಮೆ ಸೋತ. ಒಟ್ಟು ನಾಲ್ಕು ಸಲ. ಆಗ ಅವನಿಗೆ 37 ವರ್ಷ, ಚಾರ್ಲ್ಸ್‌ಗೆ 29. ಐದನೆಯ ಅವಕಾಶ ಕೊಟ್ಟದ್ದನ್ನೇ ಹಲವರು ಕರುಣೆಯೆಂದು ಕಂಡರು. ಇದೂ ತಪ್ಪಿದರೆ ಆ ವಯಸ್ಸಿನಲ್ಲಿ ಆರನೆಯದು ಯಾರು ಕೊಟ್ಟಾರು?

ಜುಲೈ 18, ಪಿಟ್ಸ್‌ಬರ್ಗ್‌ನ ಫೋರ್ಬ್ಸ್ ಫೀಲ್ಡ್. ಏಳನೇ ಸುತ್ತು ಶುರುವಾಗಿ ಒಂದು ನಿಮಿಷವೂ ಆಗಿರಲಿಲ್ಲ. ಆ ದೃಶ್ಯದ ಚಿತ್ರಸುರುಳಿ ಇಂದಿಗೂ ಉಳಿದಿದೆ. ವಾಲ್ಕಾಟ್ ಕೈಗಳನ್ನು ಇಳಿಬಿಟ್ಟು ಅವಸರವಿಲ್ಲದೆ ಮುಂದಕ್ಕೆ ಬರುತ್ತಾನೆ. ಚಾರ್ಲ್ಸ್ ಹೊಡೆತದ ಅಳತೆಯೊಳಗೆ ಸಿಕ್ಕಿದ್ದೇ ತಡ, ಎಡಗೈ ಕೆಳಗಿನಿಂದ ಗಿಡ್ಡನೆಯ ಕೊಕ್ಕೆಯಾಗಿ ಏಳುತ್ತದೆ, ದವಡೆಗೆ ತಾಗುತ್ತದೆ. ಚಾರ್ಲ್ಸ್ ಮುಖ ಅಡಿಯಾಗಿ ಬೀಳುತ್ತಾನೆ. ಏಳಲು ನೋಡುತ್ತಾನೆ, ಕಾಲು ಮಾತು ಕೇಳುವುದಿಲ್ಲ. ಎಣಿಕೆ ಹತ್ತಕ್ಕೆ ಮುಟ್ಟುತ್ತದೆ. ಇಪ್ಪತ್ತೊಂದು ವರ್ಷ ಗುದ್ದಾಡಿದವನಿಗೆ ವಿಶ್ವಪಟ್ಟ ತಂದುಕೊಟ್ಟ ಏಟು ಅದು. ಹೆವಿವೇಟ್ ವಿಶ್ವ ಚಾಂಪಿಯನ್ ಆದವರಲ್ಲಿ ಅಲ್ಲಿಯವರೆಗೆ ಅಷ್ಟು ವಯಸ್ಸಾದವರು ಯಾರೂ ಇರಲಿಲ್ಲ.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಗಾದೆಗೆ ಮೋಸ ಮಾಡಿದಂತಾಗುತ್ತದೆ. 1952ರ ಸೆಪ್ಟೆಂಬರ್‌ನಲ್ಲಿ ರಾಕಿ ಮಾರ್ಸಿಯಾನೊ ಎದುರು ಹನ್ನೆರಡು ಸುತ್ತಿನವರೆಗೂ ವಾಲ್ಕಾಟ್ ಮುಂದಿದ್ದ. ಹದಿಮೂರನೆಯದರಲ್ಲಿ ಒಂದೇ ಬಲಗೈ ಏಟಿಗೆ ಕುಸಿದ. 1953ರ ಮೇ 15ರಂದು ಷಿಕಾಗೋದಲ್ಲಿ ಮತ್ತೆ ಎದುರಾದಾಗ ಮೊದಲ ಸುತ್ತಿನಲ್ಲೇ ಬಿದ್ದ. ನೆಲದ ಮೇಲೆ ಕುಳಿತೇ ಇದ್ದವನು ಎಣಿಕೆ ಹತ್ತಾದ ಮೇಲೆ ಎದ್ದ. ಎಣಿಕೆ ಅವಸರದ್ದಾಯಿತೆಂದು ಅವನ ಬಣ ಕೂಗಾಡಿತು. ನಾಲ್ಕು ಸೋಲುಗಳಿಂದ ಎದ್ದುಬಂದ ಮನುಷ್ಯನ ಬಣದವರೂ ಆ ಕೊನೆಯ ಸಲ ಮೀಸೆಯನ್ನೇ ತೋರಿಸಿದರು. ಅವರನ್ನು ದೂರಲು ಮನಸ್ಸು ಬರುವುದಿಲ್ಲ. 39ರ ಮೈಗೆ ಇನ್ನು ಆಗದೆಂದು ಒಪ್ಪಿಕೊಳ್ಳುವುದು ಹನ್ನೆರಡು ಸುತ್ತು ಕಾದುವುದಕ್ಕಿಂತ ಕಷ್ಟ. ವಾಲ್ಕಾಟ್ ಅದನ್ನೂ ಒಪ್ಪಿಕೊಂಡ, ಮತ್ತೆ ಕಣಕ್ಕಿಳಿಯಲಿಲ್ಲ.

ಆದರೆ ಕಣದ ನಂಟು ಬಿಡಲಿಲ್ಲ. 1965ರಲ್ಲಿ ಮುಹಮ್ಮದ್ ಅಲಿ ಮತ್ತು ಸನ್ನಿ ಲಿಸ್ಟನ್ ನಡುವಿನ ಎರಡನೇ ಪಂದ್ಯಕ್ಕೆ ಅವನೇ ರೆಫರಿ. ಲಿಸ್ಟನ್ ಬಿದ್ದಾಗ ಅಲಿಯನ್ನು ದೂರ ಕಳಿಸುವ ಗಡಿಬಿಡಿಯಲ್ಲಿ ವಾಲ್ಕಾಟ್‌ಗೆ ಎಣಿಕೆಯೇ ತಪ್ಪಿಹೋಯಿತು. 1971ರಲ್ಲಿ ತನ್ನೂರಿನ ಸೀಮೆಯಾದ ಕ್ಯಾಮ್ಡನ್ ಕೌಂಟಿಗೆ ಶೆರಿಫ್ ಆಗಿ ಆಯ್ಕೆಯಾದ. ಅಲ್ಲಿ ಆ ಹುದ್ದೆಗೇರಿದ ಮೊದಲ ಕಪ್ಪು ಮನುಷ್ಯ ಅವನು. ಆಮೇಲೆ ನ್ಯೂಜೆರ್ಸಿಯ ಬಾಕ್ಸಿಂಗ್ ನೋಡಿಕೊಳ್ಳುವ ಸರ್ಕಾರಿ ಆಯೋಗಕ್ಕೆ ಅಧ್ಯಕ್ಷನಾದ.

ಅವನ ವಯಸ್ಸಿನ ದಾಖಲೆ 43 ವರ್ಷ ನಿಂತಿತು. 1994ರ ಫೆಬ್ರುವರಿ 25ರಂದು ವಾಲ್ಕಾಟ್ ತೀರಿಕೊಂಡ. ಅದೇ ವರ್ಷ ನವೆಂಬರ್ 5ರ ರಾತ್ರಿ ಲಾಸ್ ವೇಗಸ್‌ನಲ್ಲಿ ಜಾರ್ಜ್ ಫೋರ್‌ಮನ್, ಒಂಬತ್ತು ಸುತ್ತು ಏಟು ತಿಂದು ಮೂವರು ತೀರ್ಪುಗಾರರ ಲೆಕ್ಕದಲ್ಲೂ ಹಿಂದೆ ಬಿದ್ದಿದ್ದವನು, ಹತ್ತನೆಯದರಲ್ಲಿ ಚಾಂಪಿಯನ್ ಮೈಕೆಲ್ ಮೂರರ್‌ನನ್ನು ಬಲಗೈಯಿಂದ ಕೆಡವಿದ. ಮೂರರ್‌ಗೆ ಆಗ 26, ಫೋರ್‌ಮನ್‌ಗೆ 45.