ವಚನದ ಓದು, ಅಂದಂದಿನ ನೇಮ

ಯುಗಾದಿಯು ಸಮೀಪಿಸಿತೆಂದರೆ ಮನೆಮನೆಯಲ್ಲಿಯೂ ಹೊಸ ಸಂಕಲ್ಪಗಳು ಹುಟ್ಟುತ್ತವೆ. ಗೋಡೆಗೆ ಸುಣ್ಣ ಬಳಿದು ಬಾಗಿಲಿಗೆ ಮಾವಿನ ತಳಿರು ಕಟ್ಟಿದ ಮೇಲೆ ಬಾಳಿಗೂ ಒಂದು ಹೊಸತನ ಬರಲೆಂದು ಮನಸ್ಸು ಹಾರೈಸುವುದು ಸಹಜವೇ. ಲಿಂಗವಂತ ಗೃಹಸ್ಥರಲ್ಲಿ ಅನೇಕರು ಆ ದಿನ ಲಿಂಗಪೂಜೆಯ ತರುವಾಯ, “ಈ ವರ್ಷ ವಚನಗಳನ್ನೆಲ್ಲ ಓದಿ ಮುಗಿಸತಕ್ಕುದು” ಎಂದು ನಿಶ್ಚಯಿಸುವರು. ನಿಶ್ಚಯವೇನೋ ಒಳ್ಳೆಯದು. ಆದರೆ “ಎಲ್ಲ” ಎಂಬ ಮಾತಿನ ಭಾರವೆಷ್ಟು, “ಮುಗಿಸುವುದು” ಎಂಬ ಮಾತಿನ ಅರ್ಥವೇನು ಎಂಬುದನ್ನು ಮೊದಲು ವಿಚಾರಿಸಬೇಕು.

ಕರ್ನಾಟಕ ಸರಕಾರವು ಪ್ರಕಟಿಸಿದ ಸಮಗ್ರ ವಚನ ಸಂಪುಟಗಳು 15. ಅವುಗಳಲ್ಲಿರುವ ವಚನಗಳು 20,000ಕ್ಕೂ ಮಿಕ್ಕಿವೆ. ಒಂದು ವರ್ಷದಲ್ಲಿ ಇವನ್ನೆಲ್ಲ ಓದಬೇಕಾದರೆ ದಿನಕ್ಕೆ ಸುಮಾರು 55 ವಚನಗಳಾಗುತ್ತವೆ. ಹೊಲದ ಕೆಲಸ, ಅಂಗಡಿಯ ವ್ಯವಹಾರ, ಮಕ್ಕಳ ಶಾಲೆ, ಮುಪ್ಪಿನವರ ಆರೈಕೆ ಇವುಗಳ ನಡುವೆ ಬಾಳುವ ಗೃಹಸ್ಥನಿಗೆ ಇದು ಸಾಧ್ಯವೇ? ಸಾಧ್ಯವಾದರೂ ಆ 55ರಲ್ಲಿ ಎಷ್ಟು ಮಾತುಗಳು ಮನಸ್ಸಿನಲ್ಲಿ ನಿಂತಾವು?

ಇಂತಹ ಸಂಕಲ್ಪದ ಗತಿ ಬಹುಮಟ್ಟಿಗೆ ಒಂದೇ. ಮೊದಲ ವಾರ ಉತ್ಸಾಹದಿಂದ ಓದು ನಡೆಯುವುದು. ಎರಡನೆಯ ವಾರ ನೆಂಟರು ಬಂದರು, ಎರಡು ದಿನ ತಪ್ಪಿತು. ಬಾಕಿ ಉಳಿದ ವಚನಗಳು ನೂರಾದವು, ಇನ್ನೂರಾದವು. ಸಾಲಗಾರನು ಸಾಹುಕಾರನ ಬೀದಿಯನ್ನು ತಪ್ಪಿಸಿ ನಡೆಯುವಂತೆ ಓದುವವನು ಪುಸ್ತಕವಿರುವ ಗೂಡಿನ ಕಡೆ ನೋಡುವುದನ್ನೇ ಬಿಡುವನು. ಕೊನೆಗೆ ಅದಕ್ಕೊಂದು ವಸ್ತ್ರ ಸುತ್ತಿ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿ ಕೈಮುಗಿಯುವನು. ಪುಸ್ತಕವು ಪೂಜೆಗೊಳ್ಳುತ್ತದೆ, ತೆರೆಯುವುದಿಲ್ಲ. ಆ ಮನೆಯಲ್ಲಿ ಬೆಳೆಯುವ ಮಗು ವಚನವನ್ನು ವಸ್ತ್ರದ ಗಂಟಾಗಿ ಕಾಣುತ್ತದೆಯೇ ಹೊರತು ತಂದೆಯ ಬಾಯಿಂದ ಒಂದನ್ನೂ ಕೇಳುವುದಿಲ್ಲ. ನಷ್ಟವು ಓದದೆ ಉಳಿದ ಪುಟಗಳಲ್ಲಿ ಇಲ್ಲ. ಈ ಮೌನದಲ್ಲಿ ಇದೆ.

ಈ ನಷ್ಟವನ್ನು ನಾಡು ಒಮ್ಮೆ ಅನುಭವಿಸಿದೆ. ತಾಳೆಯೋಲೆಯ ಕಟ್ಟುಗಳು ಎಷ್ಟೋ ಮನೆಗಳ ಜಗಲಿಯ ಮೇಲೆ ಹೂಪತ್ರೆಗಳ ಕೆಳಗೆ ಮುಚ್ಚಿದಂತೆಯೇ ಇದ್ದವು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಅವನ್ನು ಅರಸಿ, ಬಿಚ್ಚಿ, ಓದಿ, ಒಪ್ಪಮಾಡಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚಿಗೆ ತಂದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. 1964ರಲ್ಲಿ ಲಿಂಗೈಕ್ಯರಾಗುವವರೆಗೆ ಅವರ ಬಾಳೆಲ್ಲ ಈ ಕಾಯಕಕ್ಕೇ ಸಂದಿತು. ಅವರು ಬಿಚ್ಚಿದ ಕಟ್ಟನ್ನು ಭಕ್ತರು ಮತ್ತೆ ಕಟ್ಟಿಡುವುದು ತರವೇ?

ಹಾಗಾದರೆ ಓದಿಗೆ ಅಳತೆ ಯಾವುದು? ಇದಕ್ಕೆ ಉತ್ತರವು ಆಯ್ದಕ್ಕಿ ಲಕ್ಕಮ್ಮನ ಬಾಳಿನಲ್ಲಿದೆ. ಆಕೆಯ ಪತಿ ಮಾರಯ್ಯನು ಕಲ್ಯಾಣದಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಬೇರೊಬ್ಬಳಾಗಿದ್ದರೆ ಹಿಗ್ಗುತ್ತಿದ್ದಳು. ಲಕ್ಕಮ್ಮನು ಹಿಗ್ಗಲಿಲ್ಲ. ಇದು ಅಂದಿನ ದಾಸೋಹಕ್ಕೆ ಬೇಕಾದುದಲ್ಲ, ಆಸೆಯ ಪಾಲು ಎಂದು ತಿಳಿದು, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಗೆ ಹೇಳಿದಳು. ಆ ದಂಪತಿಗಳ ಮನೆಯಲ್ಲಿ ದಾಸೋಹವು ನಿಂತದ್ದು ಕಣಜದ ಬಲದಿಂದಲ್ಲ. ಅಂದಂದಿನ ಅಕ್ಕಿಯನ್ನು ಅಂದಂದೇ ಸವೆಸಿದ ನಿಷ್ಠೆಯಿಂದ.

ಓದಿನಲ್ಲಿಯೂ ಆಸೆಯೆಂಬುದುಂಟು. ಹೆಚ್ಚು ಓದಿದವನೆಂಬ ಹೆಸರಿನ ಆಸೆ, ಪುಟಗಳನ್ನು ಎಣಿಸುವ ಆಸೆ, ನೆರೆಯವನಿಗಿಂತ ಮುಂದಿರುವ ಆಸೆ. ಇವು ಕೂಡಿದೊಡನೆ ಓದು ಪ್ರಸಾದವಾಗದೆ ಸಂಗ್ರಹವಾಗುತ್ತದೆ. ದಿನಕ್ಕೊಂದೇ ವಚನವಾಗಲಿ, ಅದು ಆ ದಿನದ ನಡೆಗೆ ಸವೆದರೆ ಸಾಕು. ಬೆಳಿಗ್ಗೆ ಓದಿದ ಮಾತು ಮಧ್ಯಾಹ್ನ ತಕ್ಕಡಿ ಹಿಡಿದಾಗ ನೆನಪಿಗೆ ಬಂದರೆ, ಸಂಜೆ ಮಗನ ಮೇಲೆ ಎತ್ತಿದ ಕೈಯನ್ನು ತಡೆದರೆ, ಆ ಓದು ಸಾರ್ಥಕವಾಯಿತು.

“ಇದು ಸೋಮಾರಿಯ ನೆಪವಲ್ಲವೇ?” ಎಂದು ಕೆಲವರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಶರಣರು ವ್ರತವನ್ನು ಹಗುರವಾಗಿ ಕಂಡವರಲ್ಲ. ಹಿಡಿದುದನ್ನು ಬಿಡದ ಛಲ ಅವರದು. ಆದುದರಿಂದಲೇ ಹಿಡಿಯುವ ಮುನ್ನ ತನ್ನ ಕೈಯ ಅಳತೆಯನ್ನು ನೋಡಿಕೊಳ್ಳಬೇಕು. ದೊಡ್ಡ ನೇಮವನ್ನು ಹಿಡಿದು ವಾರದಲ್ಲಿ ಬಿಡುವುದಕ್ಕಿಂತ ಸಣ್ಣ ನೇಮವನ್ನು ಹಿಡಿದು ವರ್ಷವಿಡೀ ನಡೆಸುವುದು ಕಠಿಣ. ಮೊದಲನೆಯದಕ್ಕೆ ಒಂದು ದಿನದ ಆವೇಶ ಸಾಕು. ಎರಡನೆಯದಕ್ಕೆ ನಿತ್ಯದ ಪ್ರೀತಿ ಬೇಕು.

ಬರುವ ವರ್ಷಕ್ಕೆ ಗೃಹಸ್ಥರು ಇಂತಹ ನೇಮವನ್ನು ಇಟ್ಟುಕೊಳ್ಳಬಹುದು. ಪೂಜೆಯ ಬಳಿಕ ಒಂದು ವಚನವನ್ನು ಮನೆಯವರಿಗೆ ಕೇಳಿಸುವಂತೆ ಗಟ್ಟಿಯಾಗಿ ಓದುವುದು. ಅಕ್ಷರ ಬಾರದ ಅಜ್ಜಿಗೂ, ಅಡುಗೆಯಲ್ಲಿರುವ ತಾಯಿಗೂ, ಅಂಗಳದಲ್ಲಿರುವ ಮಗುವಿಗೂ ಅದು ಸಲ್ಲಲಿ. ಅರ್ಥವಾಗದಿದ್ದರೆ ಮರುದಿನವೂ ಅದನ್ನೇ ಓದುವುದು, ಅದರಿಂದ ಕುಂದಿಲ್ಲ. ಸುಗ್ಗಿಯ ಕಾಲದಲ್ಲೋ ಮನೆಯಲ್ಲಿ ರೋಗರುಜಿನವಿದ್ದಾಗಲೋ ಓದು ತಪ್ಪಿದರೆ ಅದನ್ನು ಬಾಕಿಯೆಂದು ಬರೆದಿಡಬಾರದು. ನಿನ್ನೆ ಊಟ ತಪ್ಪಿತೆಂದು ಯಾರೂ ಇಂದು ಎರಡು ದಿನದ ಊಟವನ್ನು ಉಣ್ಣುವುದಿಲ್ಲ. ಇಂದಿನ ತುತ್ತನ್ನು ಇಂದು ಉಣ್ಣುತ್ತಾರೆ.

ಎಲ್ಲಿಂದ ಆರಂಭಿಸಬೇಕೆಂಬ ಚಿಂತೆಯೂ ಬೇಡ. ಬಸವಣ್ಣನವರ ವಚನಗಳು ಸುಮಾರು 1,400. ದಿನಕ್ಕೊಂದರಂತೆ ಓದಿದರೆ ನಾಲ್ಕು ವರ್ಷಗಳ ಸಮೀಪ ಅವರ ಸಂಗ ದೊರೆಯುವುದು. ನಾಲ್ಕು ವರ್ಷ ಅಂತಹವರ ಸಂಗದಲ್ಲಿರುವುದನ್ನು ತಡವೆಂದು ಯಾರು ತಾನೇ ಕರೆದಾರು? ಮೊದಲಿಗೆ ಅಷ್ಟೂ ಭಾರವೆನಿಸಿದರೆ ಶಿವಶರಣೆಯರ ವಚನಗಳಿರುವ ಐದನೆಯ ಸಂಪುಟವನ್ನು ತೆರೆದು ಲಕ್ಕಮ್ಮನ ಮಾತುಗಳಿಂದಲೇ ತೊಡಗಬಹುದು. ಅವು ಕೆಲವೇ ಇವೆ, ಆದರೆ ಒಂದೊಂದೂ ಮನೆಯನ್ನು ತಿದ್ದಬಲ್ಲುದು.

ಮುಂದಿನ ಯುಗಾದಿಗೆ ಬೇವುಬೆಲ್ಲವನ್ನು ಹಂಚುವಾಗ ಭಕ್ತನು ತನ್ನನ್ನು ತಾನು ಎಷ್ಟು ಸಂಪುಟ ಮುಗಿಯಿತೆಂದು ಕೇಳಿಕೊಳ್ಳಬೇಕಾಗಿಲ್ಲ. ಮನೆಯ ಮಗು ಆಡುತ್ತಾಡುತ್ತಲೇ ಒಂದು ವಚನವನ್ನು ತನಗೆ ತಾನೇ ಹೇಳಿಕೊಂಡರೆ ಆ ವರ್ಷದ ಓದು ಲಿಂಗಕ್ಕೆ ಸಂದಿತೆಂದು ತಿಳಿಯತಕ್ಕುದು. ಇಂತಹ ಸರಳವಾದ, ಬಿಡದ ನೇಮವು ಬಸವಾದಿ ಪ್ರಮಥರ ಕೃಪೆಯಿಂದ ಸದ್ಭಕ್ತರೆಲ್ಲರ ಮನೆಯಲ್ಲಿಯೂ ನೆಲೆಗೊಳ್ಳಲಿ.